ಏಸಿ ನೀರಿನ ಬಕೆಟ್ಟು

ಸ್ವಪ್ನಾ ಆ ವಾರವೆಲ್ಲ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೊದಮೊದಲು ಅದು ಖುಷಿಯ ಚಡಪಡಿಕೆ. ಆಮೇಲಿನದು ಬೇರೆಯೇ ಬಗೆಯದು, ಅದಕ್ಕೆ ನಿಧಾನವಾಗಿ ಬರೋಣ.

ಅವಳು ಕೆಲಸ ಮಾಡುತ್ತಿದ್ದದ್ದು ಕುವೈತಿನ ಸುಲೈಬಿಯಾದ ಒಂದು ಗಿಡುಗಗಳ ಆಸ್ಪತ್ರೆಯಲ್ಲಿ. ಗೋದಾಮುಗಳ ಸಾಲು ಮುಗಿದು, ಸೌತೆ ಟೊಮೆಟೊ ಬೆಳೆಯುವ ಪ್ಲಾಸ್ಟಿಕ್ ಚಪ್ಪರಗಳು ಶುರುವಾಗುವ ಜಾಗ. ಹಕ್ಕಿಗೂ ಒಂದು ಆಸ್ಪತ್ರೆಯೇ ಎಂದು ಮೂಗು ಮುರಿಯುವವರು ಒಮ್ಮೆ ಬಂದು ನೋಡಬೇಕು. ಒಂದೊಂದು ಗಿಡುಗಕ್ಕೂ ಒಂದೊಂದು ಕೋಣೆ, ಕೋಣೆಗೊಂದು ಏಸಿ, ಹೊತ್ತು ಹೊತ್ತಿಗೆ ಕೊಯ್ದ ಲಾವಕ್ಕಿ. ಪಕ್ಕದ ಗೋದಾಮಿನ ಶೆಡ್ಡಿನಲ್ಲಿ ಒಂದೇ ಫ್ಯಾನಿನಡಿ ಎಂಟು ಜನ ಬೆವರುತ್ತ ಮಲಗುತ್ತಾರೆ; ಇಲ್ಲಿ ಗಿಡುಗ ಎರಡು ಸಲ ಸೀನಿದರೆ ಎಕ್ಸ್‌ರೇ ತೆಗೆಯುತ್ತಾರೆ. ಲೋಕ ಹೀಗಿರುವುದು ಸ್ವಪ್ನಾಳ ತಪ್ಪಲ್ಲ, ಬಿಡಿ.

ಬಾಗಲಕೋಟೆಯ ಹುಡುಗಿ ಅವಳು. ಬೀದರಿನಲ್ಲಿ ಪಶುವೈದ್ಯ ಓದಿ, ಪ್ರಾಣಿಗಳ ಮೈಯೊಳಗೆ ಸೇರಿಕೊಂಡು ಬದುಕುವ ಹುಳುಹುಪ್ಪಟೆಗಳ, ಅವನ್ನು ಹರಡುವ ಸೊಳ್ಳೆಗಳ ಮೇಲೆ ಸ್ನಾತಕೋತ್ತರ ಪದವಿ ಮಾಡಿ, ಪಿಎಚ್‌ಡಿಗೂ ಹೆಸರು ಹಚ್ಚಿದ್ದಳು. ಅಷ್ಟರಲ್ಲಿ ರವಿಕಿರಣನ ಸಂಬಂಧ ಬಂತು. ಹುಡುಗ ಕುವೈತಿನಲ್ಲಿ ಎಂಜಿನಿಯರು, ಒಳ್ಳೆಯವನು, ಒಲ್ಲೆ ಎನ್ನಲು ಯಾರಿಗೂ ಒಂದು ಕಾರಣ ಸಿಗಲಿಲ್ಲ. ಪಿಎಚ್‌ಡಿ ಅಲ್ಲೇ ನಿಂತಿತು. ಇಲ್ಲಿ ಅವಳ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬರೆದಿರುವುದು ಲ್ಯಾಬ್ ಟೆಕ್ನಿಶಿಯನ್ ಎಂದು. ಹಕ್ಕಿಯ ಹಿಕ್ಕೆ ನೋಡು, ರಕ್ತ ನೋಡು, ಡಾಕ್ಟರಿಗೆ ಹೇಳು. ಡಾಕ್ಟರು ಅವಳಿಗಿಂತ ಎಂಟು ವರ್ಷ ಚಿಕ್ಕವನು. ಇದು ಅವಳಿಗೆ ಚುಚ್ಚುತ್ತಿತ್ತು, ಚುಚ್ಚುವುದಿಲ್ಲ ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ನಾರ್ವೆಯ ಉತ್ತರದ ತುದಿ ಟ್ರೊಮ್ಸೊದಿಂದ ಸಿಗ್ರಿಡ್ ಎಂಬ ವಿಜ್ಞಾನಿ ಆಸ್ಪತ್ರೆಗೆ ಬರೆದಳು. ಧ್ರುವದ ಸುತ್ತಲಿನ ದೇಶಗಳವರೆಲ್ಲ ಸೇರಿ ಒಂದು ತಂಡ ಮಾಡಿಕೊಂಡಿದ್ದರು. ಹಿಮ ಕರಗುತ್ತಿದೆ, ಬೆಚ್ಚಗಿನ ನಾಡಿನ ರೋಗಗಳು ಮೇಲೆ ಮೇಲೆ ಹತ್ತುತ್ತಿವೆ. ಹಿಮಸಾರಂಗಕ್ಕೆ ಯಾವ ಹುಳು ಬಂತು, ಹಿಮನರಿಗೆ ಏನು ತಗುಲಿತು, ಹಕ್ಕಿಗಳ ರಕ್ತದಲ್ಲಿ ಏನಿದೆ ಎಂದು ನೋಡುವುದು ಅವರ ಕೆಲಸ. ಇದರಲ್ಲಿ ಕುವೈತಿಗೇನು ಪಾತ್ರ ಎಂದರೆ, ಧ್ರುವದ ಬಿಳಿ ಗಿಡುಗಗಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿ ಕೊಳ್ಳುವವರು ಇಲ್ಲಿದ್ದಾರೆ. ಅಲ್ಲಿನ ಸಾಕಣೆ ಮನೆಗಳಲ್ಲಿ ಹುಟ್ಟಿದ ಮರಿಗಳು ಪ್ರತಿವರ್ಷ ವಿಮಾನದಲ್ಲಿ ಇಲ್ಲಿಗೆ ಬರುತ್ತವೆ. ಅವು ಬಂದ ಕೂಡಲೇ ರಕ್ತ ತೆಗೆದು ನೋಡುವವರು ಒಬ್ಬರು ಬೇಕಿತ್ತು. ಸ್ವಪ್ನಾ ನಾನು ಮಾಡುತ್ತೇನೆ ಎಂದಳು. ಬುಧವಾರದ ವಿಡಿಯೋ ಸಭೆಗಳಲ್ಲಿ ಅವಳನ್ನು ಎಲ್ಲರೂ ಡಾಕ್ಟರ್ ಸ್ವಪ್ನಾ ಎಂದೇ ಕರೆಯುತ್ತಿದ್ದರು, ಅವಳು ತಿದ್ದಲು ಹೋಗಲಿಲ್ಲ. ಪಶುವೈದ್ಯೆ ತಾನೇ, ತಪ್ಪೇನಿತ್ತು?

ಈ ಸಲ ಸೆಪ್ಟೆಂಬರಿನಲ್ಲಿ ಬಂದದ್ದು ಒಂದೇ ಮರಿ. ಕೆನಡಾದ ತೀರಾ ಉತ್ತರದಲ್ಲಿ, ಮರಗಳು ಮಂಡಿಯೆತ್ತರಕ್ಕೇ ನಿಂತುಬಿಡುವ ಕಡೆ, ಆರ್ವಿಡ್ ಎಂಬ ಮುದುಕನ ಗಿಡುಗದ ಮನೆಯಿಂದ. ಕೊಂಡವನು ಆಸ್ಪತ್ರೆಯ ಒಡೆಯ ಅಬು ಮಿಶಾರಿಯೇ. ತಲ್ಜಾ ಎಂದು ಹೆಸರಿಟ್ಟ, ಅರಬ್ಬಿಯಲ್ಲಿ ಹಿಮ. ಬಂದ ದಿನವೇ ರಕ್ತ ತೆಗೆಯಬೇಕೆಂದು ಸ್ವಪ್ನಾ ಸೂಜಿ ಹಿಡಿದು ನಿಂತರೆ ಅವನು ಎರಡೂ ಕೈ ಅಡ್ಡ ಹಿಡಿದ. "ದಕ್ತೂರಾ, ದೂರದಿಂದ ಬಂದ ಅತಿಥಿ. ಮೂರು ದಿನ ಅತಿಥಿಯನ್ನು ಯಾಕೆ ಬಂದೆ ಅಂತಲೂ ನಾವು ಕೇಳುವುದಿಲ್ಲ. ನೀನು ರಕ್ತ ಕೇಳುತ್ತೀಯಾ?" ಮೂರು ದಿನ ಕಳೆಯುವಷ್ಟರಲ್ಲಿ ಅವನು ಸೌದಿ ಕಡೆಗೆ ಹೊರಟುನಿಂತಿದ್ದ. ನಾನು ವಾಪಸು ಬಂದ ಮೇಲೆ, ನನ್ನ ಕಣ್ಣೆದುರಿಗೇ ತೆಗೆಯಬೇಕು, ಖಲಾಸ್ ಎಂದ. ಒಡೆಯ ಖಲಾಸ್ ಎಂದ ಮೇಲೆ ಮುಗಿಯಿತು.

ಮೂರನೆಯ ವಾರ ತಲ್ಜಾ ಮಂಕಾಯಿತು. ಮಾಂಸ ಮುಟ್ಟಲಿಲ್ಲ, ಹಸಿರು ಹಿಕ್ಕೆ ಹಾಕಿತು, ರೆಕ್ಕೆ ಇಳಿಬಿಟ್ಟು ಕೂತಿತು. ಅಬು ಮಿಶಾರಿ ಗಡಿಯಿಂದ ಓಡೋಡಿ ಬಂದ. ಸುಹೈಬ್ ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದ. ಸುಹೈಬ್ ಉಪ್ಪಿನಂಗಡಿ ಕಡೆಯ ಬ್ಯಾರಿ, ಗಿಡುಗಗಳನ್ನು ಕೈಮೇಲೆ ಹೊತ್ತು ತಿರುಗುವುದೇ ಅವನ ನೌಕರಿ. ಸ್ವಪ್ನಾ ರಕ್ತ ತೆಗೆದಳು, ಗಾಜಿನ ಮೇಲೆ ಸವರಿದಳು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟಳು. ಕೆಂಪುಕಣಗಳ ಒಳಗೆ, ಅವುಗಳ ನಡುಬೀಜವನ್ನು ಮೂಲೆಗೆ ಒತ್ತಿ, ಕಂದುಚುಕ್ಕೆ ಹೊತ್ತ ಜೀವಿಗಳು ಕೂತಿದ್ದವು. ಹಕ್ಕಿಗಳ ಮಲೇರಿಯಾ. ಇನ್ನೊಂದು ಗಾಜಿನ ಮೇಲೂ ಸವರಿ ನೋಡಿದಳು, ಅಲ್ಲೂ ಅವೇ. ಔಷಧಿ ಅಂದೇ ಶುರುವಾಯಿತು.

ಭಾನುವಾರ ಸಂಜೆ ವಿಡಿಯೋ ಕರೆಯಲ್ಲಿ ಸಿಗ್ರಿಡ್‌ಗೆ ಹೇಳಿದಳು.

"ಮೂರು ವಾರ ನಿಮ್ಮಲ್ಲಿತ್ತು," ಎಂದಳು ಸಿಗ್ರಿಡ್. "ಇಟ್ಟ ಕೋಣೆಯೊಳಗೆ ಸೊಳ್ಳೆ ಹೋಗಲು ದಾರಿ ಇತ್ತೇ?"

"ಇಲ್ಲ," ಎಂದಳು ಸ್ವಪ್ನಾ. "ಕಿಟಕಿಗೆ ಜಾಲರಿ, ಎರಡು ಬಾಗಿಲು, ಸದಾ ಏಸಿ."

ಅವಳು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದಳು.

"ಹಾಗಿದ್ದರೆ ಅಲ್ಲಿಯೇ ತಗುಲಿದೆ," ಎಂದಳು ಸಿಗ್ರಿಡ್. "ಅಷ್ಟು ಉತ್ತರದಲ್ಲಿ, ಅಲ್ಲೇ ಹುಟ್ಟಿದ ಗಿಡುಗಕ್ಕೆ. ಸ್ವಪ್ನಾ, ಇದು ನಾವು ಹೆದರುತ್ತಿದ್ದದ್ದು." ಹೆದರಿದವಳ ಮುಖ ಸಂತೋಷದಿಂದ ಬೆಳಗುತ್ತಿತ್ತು, ವಿಜ್ಞಾನಿಗಳು ಹೀಗೇ. ಪ್ರಬಂಧದಲ್ಲಿ ಮೊದಲ ಹೆಸರು ನಿನ್ನದೇ ಎಂದಳು. ಜನವರಿಗೆ ಟ್ರೊಮ್ಸೊಗೆ ಬಾ, ನನ್ನಲ್ಲಿ ಒಂದು ಪಿಎಚ್‌ಡಿ ಜಾಗವಿದೆ, ಈ ಕೆಲಸವನ್ನೇ ಮುಂದುವರಿಸು ಎಂದಳು.

ಖೈತಾನ್ ಬಡಾವಣೆಯ ಅವರ ಫ್ಲ್ಯಾಟಿನಲ್ಲಿ ಅತ್ತೆ ಹೊನ್ನವ್ವ ಸುದ್ದಿ ಕೇಳಿದ್ದೇ ತಡ, ಎದುರು ಮನೆಯ ಅಪೊಲೋನಿಯಾಳ ಬಾಗಿಲು ಬಡಿದಳು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಕನ್ನಡ ಇವಳಿಗೆ, ಇವಳ ಕನ್ನಡ ಅವಳಿಗೆ ಅರ್ಧರ್ಧ ತಿಳಿಯುತ್ತಿತ್ತು, ಆದರೂ ದಿನಾ ಎರಡು ತಾಸು ಮಾತು. ಗಂಡ ತೀರಿದ ಮೇಲೆ ಮಗನ ಹತ್ತಿರ ಬಂದ ಹೊನ್ನವ್ವ, ಕುವೈತಿನಲ್ಲಿ ಬೇಸರವಾಗುತ್ತದೆ ಎಂದವರನ್ನು ಕಂಡರೆ ನಗುತ್ತಿದ್ದಳು.

"ನಮ್ಮ ಸಪ್ನಾ ಬರ್ಫಿನ ದೇಶಕ್ಕ ಹೊಂಟಾಳವ್ವಾ! ಅಲ್ಲಿ ಮಂದಿ ಕರದು ಕುಂಡ್ರಸಾಕತ್ತಾರ!"

"ಹೌದಾ ಅಮ್ಮ? ದೇವರು ದೊಡ್ಡವ. ಅಲ್ಲಿ ಚಳಿ ಎಷ್ಟು ಗೊತ್ತುಂಟಾ, ಉಗುಳಿದರೆ ಕೆಳಗೆ ಬೀಳುವಾಗ ಕಲ್ಲು."

ಮರುದಿನವೇ ಹೊನ್ನವ್ವ ಅಪೊಲೋನಿಯಾಳನ್ನು ಕರೆದುಕೊಂಡು ಹಳೆ ಬಟ್ಟೆಯ ಅಂಗಡಿಗೆ ಹೋಗಿ, ಯಾರೋ ಹಾಕಿ ಬಿಟ್ಟ ಉಣ್ಣೆಯ ಸ್ವೆಟರೊಂದನ್ನು ಚೌಕಾಸಿ ಮಾಡಿ ತಂದಳು. ಹಸಿರು ಬಣ್ಣ, ಮೊಳಕಾಲವರೆಗೆ ಉದ್ದ. ಹೊರಗೆ ಇನ್ನೂ ನಲವತ್ತು ಡಿಗ್ರಿ ಬಿಸಿಲು. ಸ್ವಪ್ನಾ ಅದನ್ನು ತೊಟ್ಟು, ಸೆಖೆಯಲ್ಲಿ ಬೇಯುತ್ತ, ಕನ್ನಡಿ ಮುಂದೆ ನಿಂತು ನಕ್ಕಳು. ರವಿಕಿರಣ ಉತ್ತರದ ತೈಲಬಾವಿಯ ಕ್ಯಾಂಪಿನಿಂದ ಫೋನಿನಲ್ಲಿ ನೋಡಿ, "ಚೊಲೊ ಕಾಣ್ತಿ. ಹೋಗಿ ಬಾ, ಈ ಸಲ ಯಾರ ಮಾತೂ ಕೇಳಬ್ಯಾಡ," ಎಂದ. ಅವನ ಕಣ್ಣಲ್ಲಿ ನೀರಿತ್ತು. ತನ್ನಿಂದ ಅವಳ ಓದು ನಿಂತಿತು ಎಂಬುದು ಅವನಿಗೂ ಒಳಗೊಳಗೇ ಕೊರೆಯುತ್ತಿತ್ತು.

ಮಂಗಳವಾರ ಬೆಳಿಗ್ಗೆ ಸ್ವಪ್ನಾ ಹಾಡು ಗುನುಗುತ್ತ ಆಸ್ಪತ್ರೆಯ ಹಿಂದಕ್ಕೆ ಹೋದಳು, ಕರಿಬೇವಿಗೆ ನೀರು ಹಾಕಲು. ಈ ಕರಿಬೇವನ್ನು ಹೊನ್ನವ್ವ ಊರಿಂದ ಬರುವಾಗ ಸೀರೆಗಳ ನಡುವೆ ಒದ್ದೆ ಬಟ್ಟೆ ಸುತ್ತಿ ತಂದಿದ್ದಳು. ಖೈತಾನಿನ ಫ್ಲ್ಯಾಟಿಗೆ ಬಾಲ್ಕನಿ ಇಲ್ಲ. ಅದಕ್ಕೇ ಸ್ವಪ್ನಾ ಅದನ್ನು ಇಲ್ಲಿ ಗೋಡೆಯ ನೆರಳಿನಲ್ಲಿ ಡಬ್ಬಿಯಲ್ಲಿ ನೆಟ್ಟಳು. ಇಲ್ಲಿನ ನಲ್ಲಿನೀರು ಅದಕ್ಕೆ ಆಗಿಬರಲಿಲ್ಲ, ಎಲೆ ಹಳದಿಯಾಯಿತು. ಏಸಿಯಿಂದ ತೊಟ್ಟಿಕ್ಕುವ ನೀರು ಹಾಕು, ಅದು ಮಳೆನೀರಿನ ಹಾಗೆ ಎಂದು ಯಾರೋ ಹೇಳಿದರು. ಊರಲ್ಲಿ ಬೇಸಗೆಯಲ್ಲಿ ಒಂದೊಂದು ಕೊಡ ನೀರಿಗೂ ಲೆಕ್ಕ ಇಟ್ಟದ್ದು ನೋಡಿದವಳಿಗೆ, ಹಗಲಿರುಳು ಮರಳಿಗೆ ಸುರಿದುಹೋಗುವ ಆ ನೀರು ಕಂಡರೇ ಸಂಕಟವಾಗುತ್ತಿತ್ತು. ಈ ಬೇಸಗೆಯಲ್ಲೇ ಗೋಡೆಯಲ್ಲಿದ್ದ ಏಸಿಯ ಕೊಳವೆಯನ್ನು ಆಚೆ ಎಳೆದು, ಅದರಡಿ ಒಂದು ನೀಲಿ ಬಕೆಟ್ಟು ಇಟ್ಟಳು. ಕರಿಬೇವು ಚಿಗುರಿತು.

ದಿನವೂ ನೋಡದೆಯೇ ಬಕೆಟ್ಟಿಗೆ ಚೊಂಬು ಅದ್ದುತ್ತಿದ್ದವಳು ಆ ದಿನ ಹಾಗೆಯೇ ನಿಂತಳು. ನೀರಿನಲ್ಲಿ ಏನೋ ಮಿಸುಕಿತು. ಬಾಲ ಮೇಲೆ, ತಲೆ ಕೆಳಗೆ ಮಾಡಿ ಓರೆಯಾಗಿ ತೂಗುಬಿದ್ದ ಮರಿಹುಳಗಳು. ನೆರಳು ಬಿದ್ದ ಕೂಡಲೇ ಎಲ್ಲವೂ ನುಲಿಯುತ್ತ ತಳಕ್ಕೆ ಇಳಿದವು. ಸೊಳ್ಳೆಯ ಮರಿಗಳು. ಬೀದರಿನಲ್ಲಿ ಇವನ್ನೇ ಲೆಕ್ಕ ಹಾಕಿ ಪದವಿ ಪಡೆದವಳು ಅವಳು. ಬಕೆಟ್ಟಿನ ಅಂಚಿಗೆ ಗುಬ್ಬಚ್ಚಿಗಳ ಹಿಕ್ಕೆ ಅಂಟಿತ್ತು. ಇಲ್ಲಿನ ಗುಬ್ಬಿಗಳ ರಕ್ತದಲ್ಲಿ ಅದೇ ಜಾತಿಯ ಮಲೇರಿಯಾ ಇರುತ್ತದೆ, ಅವು ಅದರೊಂದಿಗೆ ಹಾಯಾಗಿ ಬದುಕುತ್ತವೆ. ಸ್ವಪ್ನಾ ತಲೆಯೆತ್ತಿ ಗೋಡೆ ನೋಡಿದಳು. ಕೊಳವೆ ಹೊರಬರುವ ತೂತಿನ ಸುತ್ತ ತುಂಬಿದ್ದ ಸ್ಪಂಜನ್ನು, ಕೊಳವೆ ಎಳೆಯುವಾಗ ಅವಳೇ ಕಿತ್ತು ಎಸೆದಿದ್ದಳು. ಮೂರು ಬೆರಳು ಸಲೀಸಾಗಿ ತೂರುವಷ್ಟು ದೊಡ್ಡ ತೂತು. ಗೋಡೆಯ ಆ ಕಡೆ ತಲ್ಜಾಳ ಕೋಣೆ.

"ಎಂತ ಮೇಡಂ, ಇಲ್ಲಿ ನುಸಿ ವಿಪರೀತ ಅಲ್ವಾ?" ಎಂದ ಸುಹೈಬ್ ಹಿಂದಿನಿಂದ, ಕೊರಳಿಗೆ ಪಟ್ಟನೆ ಹೊಡೆದುಕೊಳ್ಳುತ್ತ. "ತಲ್ಜಾನ ಕೋಣೆಯಲ್ಲಿಯೂ ಉಂಟು. ಸಂಜೆ ಹೊತ್ತು ಕೈ ಇಡ್ಲಿಕ್ಕೆ ಬಿಡುದಿಲ್ಲ."

"ಮೊದಲ ಹೇಳಬಾರದಿತ್ತೇನ?" ಎಂದು ಸ್ವಪ್ನಾ ರೇಗಿದಳು.

"ನುಸಿ ಇದೆ ಅಂತ ಯಾರು ಮೇಡಂ ಹೇಳುದು?" ಎಂದ ಅವನು ತಬ್ಬಿಬ್ಬಾಗಿ. ಅವನ ಮೇಲೆ ರೇಗಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಕೋಣೆಯ ಗೋಡೆಯ ಮೇಲೆ ಕೂತಿದ್ದ ಸೊಳ್ಳೆಗಳನ್ನು ಗಾಜಿನ ನಳಿಗೆಯಲ್ಲಿ ಹಿಡಿದು ತಂದು, ಹೊಟ್ಟೆ ಸೀಳಿ ನೋಡಿದಳು. ಹಕ್ಕಿಯ ರಕ್ತ. ಕೆಲವುಗಳ ಕರುಳಿನ ಗೋಡೆಯ ಮೇಲೆ ಮಲೇರಿಯಾದ ಗಂಟುಗಳೂ ಇದ್ದವು. ಇಲ್ಲೊಂದು ತೊಡಕಿದೆ, ಸ್ವಪ್ನಾ ಅದನ್ನೇ ಹಿಡಿದು ಜೋತುಬಿದ್ದಳು. ಸೊಳ್ಳೆಯಿಂದ ಹಕ್ಕಿಗೆ ಬಂದಿರಬಹುದು. ಆದರೆ ರೋಗ ಹೊತ್ತೇ ಬಂದ ಹಕ್ಕಿಯಿಂದ ಸೊಳ್ಳೆಗೂ ಬಂದಿರಬಹುದಲ್ಲ? ಯಾವುದು ಮೊದಲು ಎಂದು ಈಗ ದೇವರೂ ಹೇಳಲಾರ. ಬಂದ ದಿನವೇ ರಕ್ತ ತೆಗೆದಿದ್ದರೆ ಗೊತ್ತಾಗುತ್ತಿತ್ತು. ಅತಿಥಿ ಸತ್ಕಾರ ಅಡ್ಡ ಬಂತು. ನನ್ನ ತಪ್ಪೆಂದು ಯಾರು ಸಾಧಿಸಬಲ್ಲರು? ಹೀಗೆ ಅವಳು ತನ್ನ ಪರವಾಗಿ ತಾನೇ ವಕಾಲತ್ತು ಮಾಡಿದಳು, ತೀರ್ಪೂ ಕೊಟ್ಟುಕೊಂಡಳು, ಆದರೆ ಆ ತೀರ್ಪು ಅವಳಿಗೇ ಒಪ್ಪಿಗೆಯಾಗಲಿಲ್ಲ. ತೂತಿಗೆ ಬೇರೆ ಸ್ಪಂಜು ತುರುಕಿದಳು. ಬಕೆಟ್ಟಿನ ಬಾಯಿಗೆ ತೆಳುಬಟ್ಟೆ ಕಟ್ಟಿದಳು. ಚೆಲ್ಲಲಿಲ್ಲ.

ಬುಧವಾರದ ಸಭೆಗೆ ಆರ್ವಿಡ್ ಕೂಡ ಬಂದ. ಅವನು ಸಾಮಾನ್ಯವಾಗಿ ಬರುವವನಲ್ಲ. ಅವನ ಗಿಡುಗದ ಮನೆಯ ಪಕ್ಕದ ಹೊಂಡದಲ್ಲಿ ಸೊಳ್ಳೆ ಹಿಡಿಯುವ ಬಲೆಗಳನ್ನು ನೋಡಿಕೊಳ್ಳುವುದಷ್ಟೇ ತಂಡದಲ್ಲಿ ಅವನ ಕೆಲಸ. ಕೆಂಪು ಮೂಗು, ಬಿಳಿ ಹುಬ್ಬು, ಕೋಟಿನ ಒಳಗೆ ಇನ್ನೊಂದು ಕೋಟು. ಅವನ ಹಿಂದಿನ ಕಿಟಕಿಯಲ್ಲಿ ಆ ಹೊಂಡ ಕಾಣುತ್ತಿತ್ತು. ಚಿಕ್ಕದೇ, ನಮ್ಮ ಕಡೆಯ ಊರ ಮುಂದಿನ ಕೆರೆಯ ಅರ್ಧದಷ್ಟು. ಅಂಚಿನಲ್ಲಿ ಕೆಂಪುಹುಲ್ಲು, ನಡುವೆ ಬೂದುಬಣ್ಣದ ನೀರು.

"ಉಳಿದ ಮರಿಗಳ ರಕ್ತ ಕಳಿಸಿದ್ದೇನೆ," ಎಂದ ಆರ್ವಿಡ್. "ಅದು ಗೊತ್ತಾಗಲು ವಾರಗಳು ಬೇಕಂತೆ. ನಾನು ಕಾಯುವುದಿಲ್ಲ. ಸೋಮವಾರ ಮಣ್ಣು ಅಗೆಯುವ ಯಂತ್ರ ಬರುತ್ತದೆ. ನೆಲ ಹೆಪ್ಪುಗಟ್ಟುವ ಮುಂಚೆ ಹೊಂಡ ಮುಚ್ಚಿಸುತ್ತೇನೆ."

"ಅದು ನಿಮ್ಮ ಜಮೀನು, ನಿಮ್ಮ ನಿರ್ಧಾರ," ಎಂದಳು ಸಿಗ್ರಿಡ್ ನಿಧಾನವಾಗಿ. "ಆದರೆ ಆರ್ವಿಡ್, ಆ ಹೊಂಡಕ್ಕೆ ಬರುವ ಬಾತುಗಳು?"

"ನನ್ನ ಅಪ್ಪನ ಕಾಲದಿಂದ ಬರುತ್ತಿವೆ. ಮೇ ತಿಂಗಳಲ್ಲಿ ಮಂಜು ಒಡೆದ ಮೊದಲ ವಾರವೇ. ನನ್ನ ಹೆಂಡತಿ ಇರುವವರೆಗೆ ಅವಳೇ ಮೊದಲು ನೋಡಿ ನನ್ನನ್ನು ಎಬ್ಬಿಸುತ್ತಿದ್ದಳು." ಅವನು ಮೂಗು ಒರೆಸಿಕೊಂಡ. "ಆದರೆ ಗೂಡಿನಲ್ಲಿ ನಲವತ್ತು ಗಿಡುಗಗಳಿವೆ. ಅವು ಹೋದರೆ ನಾನೂ ಹೋದಂತೆ. ಡಾಕ್ಟರ್ ಸ್ವಪ್ನಾ, ನೀವು ಸಮಯಕ್ಕೆ ಸರಿಯಾಗಿ ಕಂಡುಹಿಡಿದಿರಿ. ನಿಮಗೆ ನಾನು ಋಣಿ."

ಎಲ್ಲರೂ ಸ್ವಪ್ನಾಳ ಕಡೆ ನೋಡಿದರು. ಹೇಳಬೇಕಾದ್ದು ನಾಲಗೆಯ ತುದಿಗೆ ಬಂದಿತ್ತು. ಪರದೆಯ ಮೂಲೆಯಲ್ಲಿ ಅವಳ ಹೆಸರು, ಅದರ ಮುಂದೆ ಡಾಕ್ಟರ್ ಎಂಬ ಪದ. ಅವಳು, "ಹಕ್ಕಿ ಔಷಧಿ ತಗೊಳ್ಳುತ್ತಿದೆ," ಎಂದಳು. ಅಷ್ಟೇ. ಸಭೆ ಮುಗಿಯಿತು.

ಅಲ್ಲಿಂದ ಅವಳಿಗೆ ನೆಮ್ಮದಿ ಕೆಟ್ಟಿತು. ಅಡುಗೆಮನೆಯಲ್ಲಿ ಒಲೆ ಹಚ್ಚಿ ಪಾತ್ರೆ ಇಡುವುದನ್ನು ಮರೆತಳು. ಬಸ್ಸಿನಲ್ಲಿ ಇಳಿಯಬೇಕಾದ ನಿಲ್ದಾಣ ದಾಟಿ ಜಲೀಬ್‌ವರೆಗೆ ಹೋದಳು. ಫೋನು ತೆಗೆದು ಸಿಗ್ರಿಡ್‌ಳ ಹೆಸರಿಗೆ ಬೆರಳು ಇಡುವುದು, ತೆಗೆಯುವುದು. ಟ್ರೊಮ್ಸೊದ ಬಾಡಿಗೆ ಮನೆಗಳನ್ನು ನೋಡುವುದು, ಮುಚ್ಚುವುದು. ಸೋಮವಾರ ಇನ್ನೂ ದೂರವಿದೆ ಎಂದು ಗುರುವಾರ ಹೇಳಿಕೊಂಡಳು. ಆ ಹೊಂಡ ಅವಳ ಕಣ್ಣ ಮುಂದಿನಿಂದ ಹೋಗಲೊಲ್ಲದು. ತಾನು ಒಮ್ಮೆಯೂ ಕಣ್ಣಾರೆ ನೋಡದ, ಕಾಲಿಡದ ಒಂದು ನೀರು.

ಶುಕ್ರವಾರ ರಜೆ, ಆದರೂ ತಲ್ಜಾಗೆ ಔಷಧಿ ಕೊಡಲು ಹೋಗಲೇಬೇಕಿತ್ತು. ಕರಿಬೇವು ಕಿತ್ತುಕೊಂಡು ಬರ್ತೀನಿ ಎಂದು ಹೊನ್ನವ್ವನೂ ಜೊತೆಗೆ ಬಂದಳು. ಟ್ಯಾಕ್ಸಿಯಲ್ಲಿ ಸೊಸೆಯ ಮುಖ ನೋಡಿ ನೋಡಿ, ಆಸ್ಪತ್ರೆಯ ಹಿತ್ತಲಿಗೆ ಬಂದ ಮೇಲೆ ಇನ್ನು ತಡೆಯಲಾಗದೆ ಕೇಳಿದಳು.

"ಏನಾಗೇತಿ ನಿನಗ? ನಾಕು ದಿನ ಆತು, ಮೈಯಾಗ ಗಾಳಿ ಹೊಕ್ಕಾಂಗ ಆಡಾಕತ್ತೀ. ನನ್ನ ಬಿಟ್ಟು ಹೋಗೂದಕ್ಕ ಮನಸ್ಸ ಒಪ್ಪವಲ್ದೇನ? ನಾ ಇರ್ತೀನಿ ತಗೋ, ನನಗ ಅಪೊಲೋನಿ ಅದಾಳ."

"ಅದಲ್ರಿ ಅತ್ತಿ."

"ಮತ್ತೇನ?"

ಸ್ವಪ್ನಾ ಬಕೆಟ್ಟಿನ ಬಟ್ಟೆ ಬಿಚ್ಚಿ ತೋರಿಸಿದಳು. ತೂತು ತೋರಿಸಿದಳು. ಎಲ್ಲ ಹೇಳಿದಳು, ಸಿಗ್ರಿಡ್ ಕೇಳಿದ್ದು, ತಾನು ಅಂದದ್ದು, ಆರ್ವಿಡನ ಹೊಂಡ, ಸೋಮವಾರದ ಯಂತ್ರ. ಹೇಳುತ್ತ ಹೇಳುತ್ತ ಅತ್ತಳು. ಹೊನ್ನವ್ವ ಬಗ್ಗಿ ಬಕೆಟ್ಟಿನೊಳಗೆ ನೋಡಿದಳು, ಆ ಕಡೆ ಈ ಕಡೆ ನೋಡಿದಳು, ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿದಳು.

"ಇಷ್ಟ ಹೌದಿಲ್ಲೋ? ಚೆಲ್ಲಿ ಬಿಡೂನು. ಯಾರಿಗೆ ಗೊತ್ತಾಕ್ಕೈತಿ?" ಎನ್ನುತ್ತ ಬಕೆಟ್ಟಿನ ಹಿಡಿಕೆಗೆ ಕೈ ಹಾಕಿದಳು.

ಸ್ವಪ್ನಾ ಇನ್ನೊಂದು ಕಡೆಯಿಂದ ಹಿಡಿದುಕೊಂಡಳು. "ಬ್ಯಾಡ್ರಿ! ಬಿಡ್ರಿ ಅತ್ತಿ!"

"ಹುಚ್ಚಿ ಅದೀಯೇನ? ಆ ಮುದುಕ ನಿನಗೇನ ಸೋದರಮಾವನ? ಅವನ ಹೊಂಡ, ಅವನ ಮಣ್ಣು. ಮುಚ್ಚಂತ ನೀ ಅಂದೀಯೇನ? ಹನ್ನೊಂದ ವರ್ಷ ಹಿಕ್ಕಿ ತಿಕ್ಕೀ. ಈಗೊಂದ ದಾರಿ ಬಂದೈತಿ. ಸುಮ್ನ ಹೋಗು!"

ನೀರು ತುಳುಕಿ ಹೊನ್ನವ್ವನ ಸೀರೆ ಒದ್ದೆಯಾಯಿತು. ಸ್ವಪ್ನಾಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ಸಿಟ್ಟು ಅತ್ತೆಯ ಮೇಲೆ ಎಂದೂ ಬಂದಿರಲಿಲ್ಲ. ಹೊನ್ನವ್ವ ಅಂದದ್ದರಲ್ಲಿ ಒಂದಾದರೂ ಹೊಸ ಮಾತಿರಲಿಲ್ಲ, ಮಂಗಳವಾರದಿಂದ ಇವಳೇ ತನಗೆ ತಾನು ಹೇಳಿಕೊಂಡು ಬಂದದ್ದೇ ಎಲ್ಲ. ಇನ್ನೊಬ್ಬರ ಬಾಯಿಂದ, ಬಿಸಿಲಿನಲ್ಲಿ, ಗಟ್ಟಿಯಾಗಿ ಕೇಳಿದಾಗ ಅವು ಎಷ್ಟು ಹೊಲಸಾಗಿದ್ದವು ಎಂದು ತಿಳಿಯಿತು. ಬಕೆಟ್ಟು ಕಿತ್ತುಕೊಂಡು ಲ್ಯಾಬಿನೊಳಗೆ ಒಯ್ದು ಮೇಜಿನ ಮೇಲೆ ಇಟ್ಟಳು. ಅಷ್ಟರಲ್ಲಿ ಸಂಜೆಯ ಬಾಂಗು ಕೇಳಿಸಿತು. ಕೆನಡಾದಲ್ಲಿ ಈಗ ಬೆಳಗಾಗಿರುತ್ತದೆ. ಸಿಗ್ರಿಡ್‌ಗೆ ಮೊದಲು ಹೇಳಬೇಕಾದ್ದು ಕ್ರಮ. ಅವಳು ನೇರವಾಗಿ ಆರ್ವಿಡನಿಗೇ ಕರೆ ಮಾಡಿದಳು.

ಆರ್ವಿಡ್ ಎತ್ತಿದ. ಹಿಂದೆ ಏನೋ ದೊಡ್ಡದಾಗಿ ಗುಡುಗುಟ್ಟುತ್ತಿತ್ತು.

"ಡಾಕ್ಟರ್! ಹಕ್ಕಿ ಹೇಗಿದೆ?"

"ಬದುಕಿದೆ. ಇವತ್ತು ಸ್ವಲ್ಪ ತಿಂದಿದೆ. ಆರ್ವಿಡ್, ಅದೇನು ಸದ್ದು?"

"ಯಂತ್ರ. ನಾಳೆಯೇ ಹಿಮ ಬೀಳುತ್ತದಂತೆ, ಇವತ್ತೇ ಕರೆಸಿಬಿಟ್ಟೆ."

"ನಿಲ್ಲಿಸಿ," ಎಂದಳು ಸ್ವಪ್ನಾ. "ದಯವಿಟ್ಟು ನಿಲ್ಲಿಸಿ. ರೋಗ ನಿಮ್ಮ ಹೊಂಡದ್ದಲ್ಲದೇ ಇರಬಹುದು. ನನ್ನ ಬಕೆಟ್ಟಿನದಿರಬಹುದು."

ಅವನಿಗೆ ಅರ್ಥವಾಗಲಿಲ್ಲ. ಅವಳು ಬಕೆಟ್ಟಿನ ಮೇಲೆ ಫೋನು ಹಿಡಿದಳು. ಮರಿಹುಳಗಳು ನುಲಿಯುತ್ತ ಮೇಲಕ್ಕೆ ಬಂದವು. ತೂತು, ಸ್ಪಂಜು, ಗುಬ್ಬಿ, ಗೋಡೆಯ ಸೊಳ್ಳೆಗಳು ಎಲ್ಲವನ್ನೂ ಹೇಳಿದಳು. ಖಂಡಿತ ಇಲ್ಲಿಯದೇ ಎಂದು ನಾನು ಸಾಧಿಸಲಾರೆ, ಆದರೆ ಖಂಡಿತ ಅಲ್ಲಿಯದು ಎಂದದ್ದು ತಪ್ಪು ಎಂದಳು. ಮಂಗಳವಾರವೇ ನನಗೆ ಗೊತ್ತಿತ್ತು ಎಂದೂ ಹೇಳಿದಳು. ಹೇಳದೆ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಆರ್ವಿಡ್ ಕೇಳಿದ, "ಆ ನೀರು ಯಾಕೆ ಹಿಡಿದಿಟ್ಟಿದ್ದಿರಿ?"

"ಒಂದು ಗಿಡಕ್ಕೆ. ನಮ್ಮ ಊರಿನದು. ಇಲ್ಲಿ ತಾನಾಗಿ ಬದುಕುವುದಿಲ್ಲ."

ಅವನು ಹೂಂ ಎಂದ. ಫೋನು ಕೈಯಲ್ಲಿ ಹಿಡಿದೇ ಹೊರಗೆ ನಡೆದ. ಬೂಟಿನಡಿ ಹುಲ್ಲು ಚರಚರ ಎನ್ನುವುದು, ಅವನು ಯಾರಿಗೋ ಕೂಗಿ ಹೇಳುವುದು, ಮತ್ತೆ ಕೂಗುವುದು ಅವಳಿಗೆ ಕೇಳಿಸಿತು. ಗುಡುಗುಡು ನಿಂತಿತು. ಬರಿ ಗಾಳಿಯ ಸದ್ದು. ಆಗ ಅವನು ಫೋನನ್ನು ತಿರುಗಿಸಿದ. ಒಂದು ಕಡೆ ಕರಿಮಣ್ಣಿನ ಗುಡ್ಡೆ ನೀರಿನೊಳಕ್ಕೆ ಚಾಚಿಕೊಂಡಿತ್ತು, ಕೆಂಪುಹುಲ್ಲು ಅದರಡಿ ಹೂತುಹೋಗಿತ್ತು. ಇನ್ನೊಂದು ಕಡೆ ನೀರು ಕದಡಿ ಚಹಾದ ಬಣ್ಣಕ್ಕೆ ತಿರುಗಿತ್ತು.

"ಅರ್ಧ ಹೋಗಿದೆ," ಎಂದ ಆರ್ವಿಡ್. "ಆ ಕಡೆಯೇ ಅವು ಗೂಡು ಕಟ್ಟುತ್ತಿದ್ದದ್ದು."

"ತೆಗೆಯಲು ಬರುವುದಿಲ್ಲವೇ?"

"ನಾಳೆ ಹಿಮ. ಇನ್ನು ಮೇ ತಿಂಗಳಲ್ಲೇ ನೋಡಬೇಕು." ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ಹಕ್ಕಿಗೆ ಔಷಧಿ ತಪ್ಪಿಸಬೇಡಿ," ಎಂದು ಇಟ್ಟುಬಿಟ್ಟ.

ಆಮೇಲೆ ಕರೆ ಮಾಡಿದಾಗ ಸಿಗ್ರಿಡ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಹೇಳಿದ್ದು ಒಳ್ಳೆಯದಾಯಿತು ಎಂದಳು. ಪ್ರಬಂಧ ಸದ್ಯಕ್ಕಿಲ್ಲ, ಉಳಿದ ಮರಿಗಳ ರಕ್ತದ ಫಲಿತಾಂಶ ಬರಲಿ ಎಂದಳು. ಜನವರಿಯ ಜಾಗದ ಮಾತು ಅವಳು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಕೊನೆಗೆ, "ಮಂಗಳವಾರವೇ ಗೊತ್ತಿತ್ತೇ?" ಎಂದು ಇನ್ನೊಮ್ಮೆ ಕೇಳಿದಳು. ಹೌದು ಎಂದಳು ಸ್ವಪ್ನಾ. ಸರಿ ಎಂದಳು ಸಿಗ್ರಿಡ್. ಆ ಸರಿಯಲ್ಲಿ ಬಾಗಿಲು ಮುಚ್ಚಿದ್ದು ಸ್ವಪ್ನಾಗೆ ಕೇಳಿಸಿತು.

ತಲ್ಜಾಳ ಕೋಣೆಗೆ ಹೋಗಿ ಔಷಧಿ ಕೊಟ್ಟಳು. ಸುಹೈಬ್ ಕತ್ತರಿಸಿ ಇಟ್ಟ ಲಾವಕ್ಕಿಯ ತುಂಡನ್ನು ಹಕ್ಕಿ ಕೊಕ್ಕಿನಲ್ಲಿ ಹಿಡಿದು, ಒಂದು ಸಲ ಕೊಡವಿ, ನುಂಗಿತು. ಇನ್ನೊಂದು ಕೇಳುವಂತೆ ಇವಳ ಕಡೆ ನೋಡಿತು. ಇಲ್ಲಿಯ ಬಿಸಿಲಿನಲ್ಲಿ ಹುಟ್ಟಿದವರಿಗೆ ಆ ಕೋಣೆಯ ಚಳಿ ತಡೆಯಲಾಗುತ್ತಿರಲಿಲ್ಲ. ಸ್ವಪ್ನಾ ನಡುಗುತ್ತ ಅಲ್ಲೇ ಕೂತಿದ್ದಳು.

ಮನೆಗೆ ಬಂದಾಗ ಹೊನ್ನವ್ವ ಒದ್ದೆ ಸೀರೆ ಬದಲಿಸಿ ಮಂಚದ ಮೇಲೆ ಕೂತಿದ್ದಳು. ಮಡಿಲಲ್ಲಿ ಹಸಿರು ಸ್ವೆಟರು. ಸುಹೈಬ್ ಅವಳನ್ನು ಮೊದಲೇ ಟ್ಯಾಕ್ಸಿ ಹತ್ತಿಸಿ ಕಳಿಸಿದ್ದ.

"ಹೋಗೂದಿಲ್ಲೇನ ಹಂಗಾರ?"

"ಇಲ್ರಿ ಅತ್ತಿ."

ಹೊನ್ನವ್ವ ಸ್ವೆಟರಿನ ತೋಳನ್ನು ಎಳೆದು ಎಳೆದು ಸರಿಮಾಡಿದಳು. ಅಪೊಲೋನಿಯಾಗೆ ಏನು ಹೇಳುವುದು ಎಂಬ ಚಿಂತೆ ಅವಳ ಮುಖದಲ್ಲಿ ಬಂದು ಹೋಯಿತು. ಆದರೆ ಅವಳು ಕೇಳಿದ್ದು ಬೇರೆ.

"ಆ ಮುದುಕನ ಹೊಂಡ?"

"ಅರ್ಧ ಮುಚ್ಚ್ಯಾರಿ."

"ಅರ್ಧರ ಉಳೀತಲ್ಲ ಯವ್ವಾ. ನೀ ಹೇಳಿದ್ದಕ್ಕ ಉಳೀತು."

ಸ್ವಪ್ನಾ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ದಳು.

"ಬುಧವಾರ ಅಂವಾ ನನ್ನ ಮಕಾ ನೋಡಿ ನಿನಗ ನಾ ಋಣಿ ಅಂದಾರಿ ಅತ್ತಿ. ಆವಾಗ ನಾ ಬಾಯಿ ಬಿಟ್ಟಿದ್ರ ಪೂರಾ ಉಳೀತಿತ್ತು."

ಹೊನ್ನವ್ವ ಎದ್ದು ಬಂದು ಅವಳ ಹೆಗಲಿಗೆ ಆ ಸ್ವೆಟರನ್ನೇ ಹೊದಿಸಿದಳು, ಆ ಸೆಖೆಯಲ್ಲಿ. ಸ್ವಪ್ನಾ ಅದನ್ನು ತೆಗೆಯಲಿಲ್ಲ.